ಹೋಮರ್ ಅಂಟಿಸಿದ ಫೋಟೋಗಳು

'ಈ ವಯಸ್ಸಲ್ಲೂ ಕಾರ್ಟೂನಾ?' ಅಂತ ಅಪ್ಪ ನಗ್ತಾರೆ. 1989ರಲ್ಲಿ ಅಮೆರಿಕದಲ್ಲಿ ಶುರುವಾದ 'ದಿ ಸಿಂಪ್ಸನ್ಸ್' ದೊಡ್ಡವರ ಕಥೆ ಅಂತ ಅವರಿಗೆ ಹೇಗೆ ಹೇಳಲಿ?

1995ರ ಒಂದು ಕಂತು. ಅಣುವಿದ್ಯುತ್ ಸ್ಥಾವರದ ನೌಕರಿ ಬಿಟ್ಟು, ತನಗಿಷ್ಟವಾದ ಬೌಲಿಂಗ್ ಕೇಂದ್ರ ಸೇರಿದ್ದ ಹೋಮರ್‌ಗೆ ಮೂರನೇ ಮಗು ಬರುವ ಸುದ್ದಿ. ಆ ಸಂಬಳ ಸಾಲದು. ತಲೆತಗ್ಗಿಸಿ ಹಳೇ ಬಾಸ್ ಬರ್ನ್ಸ್ ಹತ್ತಿರ ವಾಪಸ್ ಬರ್ತಾನೆ. ಬರ್ನ್ಸ್ ಅವನೆದುರು ಫಲಕ ಹಾಕಿಸ್ತಾನೆ: ಮರೀಬೇಡ, ನೀನು ಇಲ್ಲೇ ಶಾಶ್ವತ.

ಹೋಮರ್ ಅದರ ಮೇಲೆ ಮಗಳು ಮ್ಯಾಗಿಯ ಫೋಟೋಗಳನ್ನು ಅಂಟಿಸ್ತಾನೆ. ಮುಚ್ಚದೆ ಉಳಿದ ಅಕ್ಷರಗಳು ಹೇಳೋದಿಷ್ಟೇ: ಅವಳಿಗಾಗಿ ಮಾಡು.

ವ್ಯಂಗ್ಯ ಇರೋದು ಬಾಸ್ ಮೇಲೆ, ಅಪ್ಪನ ಮೇಲಲ್ಲ.

ಮೂವತ್ತು ವರ್ಷ ಒಂದೇ ಕಚೇರಿಗೆ ಹೋದ ನನ್ನಪ್ಪನನ್ನು 'ಬೇರೆ ಕೆಲಸ ಹುಡುಕಬಾರದಿತ್ತಾ?' ಅಂತ ಒಮ್ಮೆ ಹಂಗಿಸಿದ್ದೆ. ಅವರ ಪರ್ಸಿನಲ್ಲಿ ನನ್ನ ಎಲ್‌ಕೆಜಿ ಫೋಟೋ ಇನ್ನೂ ಇದೆ. ಕಂತು ಮುಗಿದ ರಾತ್ರಿ ಫೋನ್ ಮಾಡಿದೆ. 'ಊಟ ಆಯ್ತಾ ಅಪ್ಪಾ?' ಅಂತಷ್ಟೇ ಕೇಳೋಕಾಯ್ತು.