ಗ್ಯಾಲರಿಯಲ್ಲಿ ಕೂತ ಮಾಲೀಕ

ತಂಡದ ಮಾಲೀಕರು ಎಲ್ಲಿ ಕೂತು ಪಂದ್ಯ ನೋಡ್ತಾರೆ?
ವಿಐಪಿ ಬಾಕ್ಸಲ್ಲಿ, ಅಲ್ವಾ?

ಬಿಲ್ ವೀಕ್ ಕೂರ್ತಿದ್ದದ್ದು ಅಗ್ಗದ ಗ್ಯಾಲರಿಯಲ್ಲಿ.
ಟೈ ಇಲ್ಲ. ಪಕ್ಕದವರ ಜೊತೆ ಹರಟೆ.
ತೇರಿನ ದಿನ ಧರ್ಮದರ್ಶಿಯೇ ಕೆಳಗಿಳಿದು,
ಜನರ ಜೊತೆ ಹಗ್ಗ ಹಿಡಿದ ಹಾಗೆ!

ಅಮೆರಿಕದ ಬೇಸ್‌ಬಾಲ್‌ನ ಹಳೇ ಕಾಲದ ಮಾಲೀಕ ಇವರು.
ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು,
ಕೊನೆಗೆ ಒಂದು ಕಾಲನ್ನೇ ಕಳ್ಕೊಂಡ್ರು.

1946ರಲ್ಲಿ ಕ್ಲೀವ್‌ಲ್ಯಾಂಡ್ ತಂಡ ಕೊಂಡ್ರು.
ಮರುವರ್ಷವೇ ಲ್ಯಾರಿ ಡೋಬಿಯನ್ನ ಕರೆತಂದ್ರು.
ಅಮೆರಿಕನ್ ಲೀಗ್‌ನ ಮೊದಲ ಕಪ್ಪು ಆಟಗಾರ!
ನನ್ನ ಪ್ರಕಾರ, ವೀಕ್ ಮಾಡಿದ ಅತಿ ದೊಡ್ಡ ಕೆಲಸ ಇದೇ.

1948ರಲ್ಲಿ ಸ್ಯಾಚೆಲ್ ಪೇಜ್ ಬಂದ್ರು.
ವಯಸ್ಸು 42!
ಕಪ್ಪು ಜನರ ಲೀಗ್‌ಗಳಲ್ಲಿ ಆಡಿ ಹೆಸರಾದ ದಿಗ್ಗಜ.
ಬಣ್ಣದ ಕಾರಣಕ್ಕೆ ದೊಡ್ಡ ಲೀಗ್ ಬಾಗಿಲು ಅಷ್ಟು ವರ್ಷ ಮುಚ್ಚಿತ್ತು.
ಆ ವರ್ಷ ಕ್ಲೀವ್‌ಲ್ಯಾಂಡ್ ವರ್ಲ್ಡ್ ಸೀರೀಸ್ ಗೆದ್ದಿತು.
ಸೀಸನ್‌ನಲ್ಲಿ ಮೈದಾನಕ್ಕೆ ಬಂದವರು 26 ಲಕ್ಷ!

ಹೋಮ್ ರನ್ ಹೊಡೆದ್ರೆ ಪಟಾಕಿ ಸಿಡಿಸೋ ಸ್ಕೋರ್‌ಬೋರ್ಡ್?
ಅದೂ ಇವರದ್ದೇ.
1960, ಆಗ ಅವರದ್ದಾಗಿದ್ದ ಶಿಕಾಗೋ ವೈಟ್ ಸಾಕ್ಸ್ ತಂಡದ ಮೈದಾನ.

ಆಗ ಆಟಗಾರರು ತಂಡಕ್ಕೆ ಕಟ್ಟುಬಿದ್ದವರು.
ತಾವಾಗಿ ಬಿಟ್ಟು ಹೋಗೋ ಹಾಗಿಲ್ಲ.
ಕರ್ಟ್ ಫ್ಲಡ್ ಅನ್ನೋ ಆಟಗಾರ ಕೋರ್ಟಿಗೆ ಹೋದ್ರು.
1970ರಲ್ಲಿ ಅವರ ಪರ ಸಾಕ್ಷಿ ಹೇಳಿದವರಲ್ಲಿ ವೀಕ್ ಕೂಡ ಒಬ್ಬರು.
ಮಾಲೀಕರಾಗಿದ್ದವರೇ, ಆಟಗಾರನ ಪರ!

1986ರಲ್ಲಿ ವೀಕ್ ತೀರಿಕೊಂಡ್ರು.
ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 1991ರಲ್ಲಿ.
ಅವರು ಬದುಕಿದ್ದಾಗಲೇ ಸಿಗಬೇಕಿತ್ತು.