ಹುಳುಕು ಹೆಕ್ಕುವುದು ವಿಮರ್ಶೆಯಲ್ಲ

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಗೆ ಕುರುಬರ ದೈವ ಮಾಳಿಂಗರಾಯನ ಜಾತ್ರೆ ನಡೆಯುತ್ತದೆ. ಪಲ್ಲಕ್ಕಿಗಳ ಭೇಟಿ ನೋಡಲು ಗಡಿಯ ಎರಡೂ ಕಡೆಯ ಜನ ಕೂಡುತ್ತಾರೆ. ಅಮಾವಾಸ್ಯೆಯ ರಾತ್ರಿ ಶಿವನೇ ಬಂದು ಗುಡಿಯ ಶಿಖರಕ್ಕೆ ಮುಂಡಾಸ ಸುತ್ತುತ್ತಾನೆಂಬುದು ಭಕ್ತರ ನಂಬಿಕೆ. ಕುರುಬರ ಹಾಲುಮತ ಪರಂಪರೆಯ ಇಂಥ ಕಥೆಗಳು ಉಳಿದು ಬಂದಿರುವುದು ಡೊಳ್ಳಿನ ಹಾಡಿಕೆಯಲ್ಲಿ. ಆ ಹಾಡುಗಾರರು ಬಳಸುವುದು ಮರಾಠಿ ಬೆರೆತ ಗಡಿಯ ಕನ್ನಡ. ಪುಸ್ತಕದ ಭಾಷೆಯನ್ನೇ ಅಳತೆಗೋಲಾಗಿ ಹಿಡಿದು ಬಂದವರಿಗೆ ಇದರಲ್ಲಿ ಅಶುದ್ಧ ಪದಗಳ ಪಟ್ಟಿ ಮಾಡುವುದು ಬಹಳ ಸುಲಭ. ಆದರೆ ಆ ಪಟ್ಟಿಯಿಂದ ಹಾಡು ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬುದು ಒಂದಿಷ್ಟೂ ತಿಳಿಯುವುದಿಲ್ಲ. ಮುಂಡಾಸ ಎಂಬ ಮಾತನ್ನು ಕಿತ್ತು ಬೇರೆಯದನ್ನು ಇಟ್ಟರೆ ಹಾಡು ಆ ಜಾತ್ರೆಯದಾಗಿ ಉಳಿಯುವುದೂ ಇಲ್ಲ. ಕೃತಿ ತಾನು ಏನಾಗಲು ಹೊರಟಿದೆಯೋ ಅದಕ್ಕೆ ಅಡ್ಡ ಬರುವ ದೋಷವನ್ನು ತೋರಿಸುವುದು ವಿಮರ್ಶೆ; ಕೃತಿಗೆ ಸಂಬಂಧವೇ ಇಲ್ಲದ ಅಳತೆಗೋಲಿನಿಂದ ಕೊರತೆ ಎಣಿಸುವುದು ಕೊಂಕು.

ಈ ತಿಳಿವಳಿಕೆ ಕನ್ನಡಕ್ಕೆ ಹೊಸದಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದ ದೋಷಗಳನ್ನೇ ಕುರಿತದ್ದು. ಸಂಸ್ಕೃತ, ಕನ್ನಡ ಪದಗಳನ್ನು ವಿವೇಕವಿಲ್ಲದೆ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ರಸ ಕೆಡುತ್ತದೆ ಎನ್ನುವಷ್ಟು ಅದು ಕಟ್ಟುನಿಟ್ಟು. ಅದೇ ಗ್ರಂಥ, ಊರೂರಿಗೆ ಬದಲಾಗುವ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಗೊತ್ತುಮಾಡಲು ಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ. ಕಟ್ಟುನಿಟ್ಟು ಇರುವುದು ರಸ ಕೆಡುವ ಕಡೆ, ಔದಾರ್ಯ ಇರುವುದು ದೇಸಿ ಬೇರೆಯಾಗುವ ಕಡೆ. ಜೊತೆಗೆ, ತಪ್ಪಿರುವ ಪದ್ಯ ಕೊಟ್ಟು ಅದನ್ನು ಹೇಗೆ ತಿದ್ದಬಹುದೆಂದೂ ಅದು ತೋರಿಸುತ್ತದೆ.

ಹಾಗಾದರೆ ಸಣ್ಣ ತಪ್ಪುಗಳನ್ನು ಹೇಳಲೇಬಾರದೇ ಎಂದು ಕೇಳಬಹುದು. ಹೇಳಬೇಕು. ಡೊಳ್ಳಿನ ಒಂದು ಪೆಟ್ಟು ಜಾರಿದರೆ ಇಡೀ ಮೇಳದ ಹೆಜ್ಜೆ ತಪ್ಪುತ್ತದೆ; ಅದನ್ನು ಎತ್ತಿ ಹೇಳುವುದು ಕೊಂಕಲ್ಲ. ತಪ್ಪು ಎಷ್ಟು ಸಣ್ಣದು ಎಂಬುದಕ್ಕಿಂತ ಅದರಿಂದ ಏನು ಕೆಟ್ಟಿತು ಎಂಬುದು ಮುಖ್ಯ. ಕಲಾವಿದನಿಗೆ ನೋವಾಗಬಾರದೆಂದು ಬರೀ ಹೊಗಳುವುದೂ ಉಪಕಾರವಲ್ಲ. ಹರದೇಶಿ–ನಾಗೇಶಿ ಹಾಡಿಕೆಯಲ್ಲಿ ಒಂದು ಮೇಳ ಪುರುಷನ ಪಕ್ಷ, ಇನ್ನೊಂದು ಶಕ್ತಿಯ ಪಕ್ಷ ಹಿಡಿದು ರಾತ್ರಿಯಿಡೀ ಸವಾಲು–ಜವಾಬು ನಡೆಸುತ್ತವೆ. ಅಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಎದುರಾಳಿಯನ್ನು ನಾಚಿಸಲೆಂದೇ ಕೇಳುವ ಕುತರ್ಕದ ಸವಾಲುಗಳೂ ಅಲ್ಲಿ ಬರಬಹುದು. ಆದರೆ ಆಕ್ಷೇಪ ಎತ್ತುವವರು ತಾವೂ ಪುರಾಣ ಬಲ್ಲವರಾಗಿ, ತಾಳ ತಪ್ಪದೆ, ಜನರೆದುರು ಹಾಡಿಯೇ ಎತ್ತಬೇಕು. ಹೀಗಾಗಿ ಒಳ್ಳೆಯ ಸವಾಲು ಮುಂದಿನ ಹಾಡಿಗೆ ಹುರುಪು ಕೊಡುತ್ತದೆ.

ವಿಮರ್ಶಕ ಹಾಡಬೇಕಾಗಿಲ್ಲ, ಚಿತ್ರ ಬಿಡಿಸಬೇಕಾಗಿಯೂ ಇಲ್ಲ. ಆದರೆ ತಾನು ಅಳೆಯುತ್ತಿರುವ ಕಲೆಯ ಒಳಗಿನ ನಿಯಮವನ್ನು ಆತ ಕಲಿತಿರಲೇಬೇಕು. ಗಡಿಯ ಹಾಡುಗಾರರಿಗೆ ಸಲ್ಲಬೇಕಾದ ನ್ಯಾಯ ಅದು. ಆ ಶ್ರಮ ಪಟ್ಟವರ ಕಟುಮಾತನ್ನೂ ಕಲಾವಿದರು ಕೇಳಿಸಿಕೊಳ್ಳುತ್ತಾರೆ, ಏಕೆಂದರೆ ಅದರಲ್ಲಿ ಅವರಿಗೆ ನಾಳೆಯ ಕೆಲಸಕ್ಕೆ ಬೇಕಾದದ್ದು ಸಿಗುತ್ತದೆ.