ನದಿಯಿಂದ ನಾಲೆಗೆ: ಒಂದು ದಿನದ ದೋಣಿಯಾನ

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಬಾತ್ ಪಟ್ಟಣವು ರೋಮನರ ಕಾಲದಿಂದಲೂ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದುದು. ಅಲ್ಲಿಗೆ ಹೋದವರೆಲ್ಲರೂ ಆ ಬುಗ್ಗೆಗಳನ್ನು ನೋಡಿ ಬರುತ್ತಾರೆ. ನಾವು ನೋಡಹೋದದ್ದು ಅಲ್ಲಿನ ತಣ್ಣೀರನ್ನು. ಪಟ್ಟಣದ ನಡುವೆ ಹರಿಯುವ ಏವನ್ ನದಿಯಲ್ಲಿ ದೋಣಿ ಹತ್ತಿ, ಅಲ್ಲಿಂದ ಕೆನೆಟ್ ಮತ್ತು ಏವನ್ ನಾಲೆಗೆ ಏರಿ, ಸುಮಾರು ಹತ್ತು ಮೈಲಿ ದೂರದ ಬ್ರಾಡ್‌ಫರ್ಡ್ ಎಂಬ ಊರನ್ನು ಸಂಜೆಯೊಳಗೆ ಸೇರಬೇಕೆಂಬುದು ನಮ್ಮ ಉದ್ದೇಶವಾಗಿತ್ತು. ಮೋಟಾರಿನಲ್ಲಿ ಹೋದರೆ ಅರ್ಧ ಗಂಟೆಯ ಹಾದಿ. ನಮಗೆ ಇಡೀ ದಿನ ಹಿಡಿಯಿತು.

ನಾವು ಹತ್ತಿದ ದೋಣಿಗೆ ಅಲ್ಲಿಯವರು ನ್ಯಾರೋಬೋಟ್ ಎನ್ನುತ್ತಾರೆ. ಇಕ್ಕಟ್ಟು ದೋಣಿ ಎಂದು ಅರ್ಥ. ಹೆಸರಿಗೆ ತಕ್ಕ ರೂಪ. ಉದ್ದ 57 ಅಡಿ, ಅಗಲವೋ 6 ಅಡಿ 10 ಅಂಗುಲ ಮಾತ್ರ. ಉಕ್ಕಿನ ತಳ, ಚಿಕ್ಕ ಡೀಸೆಲ್ ಯಂತ್ರ, ಒಳಗೆ ಸಾಲಾಗಿ ಅಡಿಗೆಮನೆ, ಕೂರುವ ಮನೆ, ಮಲಗುವ ಮನೆ. ರೈಲಿನ ಒಂದು ಡಬ್ಬಿಯನ್ನು ನೀರಿಗಿಳಿಸಿದಂತೆ. 1760ರ ದಶಕದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರು ಮಧ್ಯ ಇಂಗ್ಲೆಂಡಿನ ನಾಲೆಗಳ ಲಾಕುಗಳನ್ನು ಸುಮಾರು 7 ಅಡಿ ಅಗಲಕ್ಕೆ ಕಟ್ಟಿದನು. ಕಲ್ಲು, ಕೂಲಿ, ನೀರು, ಮೂರರಲ್ಲಿಯೂ ಉಳಿತಾಯವಾಗಲೆಂಬುದು ಅವನ ಆಲೋಚನೆ. ಅವನು ಉಳಿಸಿದ ಹಣಕ್ಕಾಗಿ ಇಂದಿಗೂ ದೋಣಿಯೊಳಗೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾಗಿದೆ.

ದೋಣಿಯ ಯಜಮಾನರು ಮೊದಲು ನಮಗೆ ಚುಕ್ಕಾಣಿಯ ಪಾಠ ಹೇಳಿದರು. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ತಿರುಗುತ್ತದೆ. ದೋಣಿಯು ಬಂಡಿಯಂತೆ ಮುಂಭಾಗದಿಂದ ತಿರುಗುವುದಿಲ್ಲ. ನಡುವನ್ನು ಕೀಲಾಗಿ ಮಾಡಿಕೊಂಡು ಬಾಲವನ್ನು ಬೀಸುತ್ತದೆ. ಈ ತತ್ತ್ವವು ನಮ್ಮ ತಲೆಗೆ ಬೇಗನೆ ಹತ್ತಿತು, ಕೈಗೆ ಹತ್ತಲು ಮಾತ್ರ ಒಂದು ಗಂಟೆ ಬೇಕಾಯಿತು.

ನದಿಯಲ್ಲಿ ಎದುರು ಹರಿವಿನೊಡನೆ ಸೆಣಸುತ್ತ ಹೋಗಿ, ಪಟ್ಟಣದ ನಡುವೆಯೇ ಬಲಕ್ಕೆ ತಿರುಗಿ ನಾಲೆಯ ಮೊದಲನೆಯ ಲಾಕಿನ ಮುಂದೆ ನಿಂತೆವು. ಇಲ್ಲಿಂದ ಮುಂದೆ ನೀರು ಹರಿಯುವುದಿಲ್ಲ, ನಿಲ್ಲುತ್ತದೆ. ನಮ್ಮ ನಾಡಿನಲ್ಲಿ ನಾಲೆಯೆಂದರೆ ಗದ್ದೆಗೆ ನೀರು ಹರಿಸುವ ಸಾಧನ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯನ್ನು ನೋಡಿದವರು, ಅದಕ್ಕೆ ಉದ್ದಕ್ಕೂ ಸ್ವಲ್ಪ ಇಳಿಜಾರು ಕೊಟ್ಟಿರುವುದನ್ನು ಬಲ್ಲರು. ದೋಣಿಗಾಗಿ ತೆಗೆದ ನಾಲೆಯು ಹಾಗಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಉದ್ದುದ್ದನೆಯ ಕೆರೆಗಳ ಸಾಲು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದೋಣಿಯನ್ನು ಏರಿಸಿ ಇಳಿಸುವ ಕಲ್ಲುಗೋಡೆಯ ಕೋಣೆಯೇ ಲಾಕು. ಕ್ರಿ.ಶ. 984ರಷ್ಟು ಹಿಂದೆಯೇ ಚೀನಾದೇಶದಲ್ಲಿ ಚಿಯಾವ್ ವೇಯುಯೆ ಎಂಬ ಅಧಿಕಾರಿಯು ಇಂತಹುದನ್ನು ಕಟ್ಟಿಸಿದ್ದನು.

ಕೆಲಸ ಸರಳವಾದುದು. ದೋಣಿಯು ಕೆಳಬಾಗಿಲಿನಿಂದ ಕೋಣೆಯೊಳಗೆ ಬಂದ ಮೇಲೆ ಆ ಬಾಗಿಲನ್ನು ಮುಚ್ಚುತ್ತಾರೆ. ಮೇಲಿನ ತೂಬುಗಳನ್ನು ಎತ್ತುತ್ತಾರೆ. ಮೇಲಣ ನಾಲೆಯ ನೀರು ಕೋಣೆಗೆ ನುಗ್ಗಿ ದೋಣಿಯನ್ನು ಎತ್ತುತ್ತದೆ. ಎರಡು ಕಡೆಯ ಮಟ್ಟವೂ ಸಮನಾದಾಗ ಮೇಲ್ಬಾಗಿಲು ತೆರೆಯುತ್ತದೆ. ಸಮನಾಗದ ಹೊರತು ತೆರೆಯದು. ಏಳೂವರೆ ಅಡಿ ಅಗಲದ ಒಂದು ಕದಕ್ಕೆ ಆರು ಅಡಿ ನೀರು ತಾಗಿದ್ದು, ಎರಡು ಬದಿಯ ಮಟ್ಟಗಳಲ್ಲಿ ಬರಿಯ ಒಂದು ಅಂಗುಲದ ಅಂತರವಿದ್ದರೂ ಕದದ ಮೇಲೆ ಇನ್ನೂರು ಪೌಂಡಿಗೂ ಮಿಕ್ಕ ಒತ್ತಡವಿರುತ್ತದೆ. ನಾವು ತಾಳ್ಮೆಗೆಟ್ಟು ಕದದ ತೊಲೆಗೆ ಬೆನ್ನು ಕೊಟ್ಟು ನೂಕಿದೆವು, ಅದು ಕದಲಲಿಲ್ಲ. ಯಜಮಾನರು ನಗುತ್ತ ಒಂದು ನಿಮಿಷ ಕಾಯಲು ಹೇಳಿದರು. ಆಮೇಲೆ ಒಂದೇ ಕೈಗೆ ಅದು ಓಲಾಡುತ್ತ ತೆರೆದುಕೊಂಡಿತು.

ಬಾತಿನಲ್ಲಿ ಇಂತಹ ಲಾಕುಗಳು ಆರು. ಅವುಗಳಲ್ಲಿ ಎರಡನೆಯದು ಅಸಾಮಾನ್ಯವಾದುದು. ಹಿಂದೆ ಅಲ್ಲಿ ಎರಡು ಲಾಕುಗಳಿದ್ದುವು. ರಸ್ತೆಯ ಕೆಲಸಕ್ಕಾಗಿ 1976ರಲ್ಲಿ ಎರಡನ್ನೂ ಸೇರಿಸಿ ಒಂದೇ ಮಾಡಿದರು. ಆಳ 19 ಅಡಿ 5 ಅಂಗುಲ. ಒಳಗೆ ಹೋಗಿ ಬಾಗಿಲು ಮುಚ್ಚಿದಾಗ ಪಾಚಿಗಟ್ಟಿದ ಗೋಡೆಗಳು ಎರಡು ಕಡೆಯೂ ತೊಟ್ಟಿಕ್ಕುತ್ತಿದ್ದುವು, ತಲೆಯ ಮೇಲೆ ಒಂದು ಪಟ್ಟಿಯಷ್ಟು ಆಕಾಶ. ಹಾಳುಬಾವಿಯ ತಳದಲ್ಲಿ ನಿಂತಂತಾಯಿತು. ದಡದ ಮೇಲಿದ್ದ ನಮ್ಮವರೊಬ್ಬರು ಉತ್ಸಾಹದಿಂದ ತೂಬನ್ನು ಒಮ್ಮೆಗೇ ಎತ್ತಿಬಿಟ್ಟರು. ದೋಣಿಯು ಹುಚ್ಚು ಕುದುರೆಯಂತೆ ಮುನ್ನುಗ್ಗಿ, ಹಗ್ಗ ಜಗ್ಗಿ, ಹಿಂದಕ್ಕೆ ಬಡಿಯಿತು. ಒಲೆಯ ಮೇಲಿದ್ದ ಚಹಾದ ಕೆಟಲು ನೆಲಕ್ಕುರುಳಿತು. ಅಲ್ಲಿಂದ ಮುಂದೆ ತೂಬನ್ನು ಕಾಲು ಪಾಲು, ಅರ್ಧ ಪಾಲು ಎಂದು ಎಣಿಸಿ ಎತ್ತಿದೆವು.

ಈ ಕೋಣೆಯನ್ನು ತುಂಬಲು ಎಷ್ಟು ನೀರು ಬೇಕು? ಉದ್ದ 72 ಅಡಿ, ಅಗಲ 14 ಅಡಿ ಎಂದು ಹಿಡಿದು ನಾವೇ ಲೆಕ್ಕ ಹಾಕಿದೆವು. ಸುಮಾರು 1,20,000 ಗ್ಯಾಲನ್, ಎಂದರೆ ಐದೂವರೆ ಲಕ್ಷ ಲೀಟರ್ ಆಯಿತು. ಒಂದು ದೋಣಿ ಮೇಲೇರಿದರೆ ಇಷ್ಟು ನೀರು ಕೆಳಗೆ ಇಳಿದು ಹೋಗುತ್ತದೆ. ಈ ಲಾಕುಗಳಲ್ಲಿ ಎರಡು ಇಕ್ಕಟ್ಟು ದೋಣಿಗಳು ಪಕ್ಕಪಕ್ಕದಲ್ಲಿ ನಿಲ್ಲಬಲ್ಲುವಾದುದರಿಂದ, ಜೊತೆಗೆ ಇನ್ನೊಂದು ದೋಣಿ ಬರುವವರೆಗೆ ಕಾಯುವುದು ಅಲ್ಲಿನ ಶಿಷ್ಟಾಚಾರ. ನಾವೂ ಇಪ್ಪತ್ತು ನಿಮಿಷ ಕಾದೆವು.

ಇಲ್ಲಿ ವಾಚಕರಿಗೆ ಒಂದು ಸಮಸ್ಯೆಯನ್ನು ಒಡ್ಡಬಹುದು. ಭಾರವಾದ ದೋಣಿಯು ಏರುವಾಗ ಹೆಚ್ಚು ನೀರು ಬೇಕೋ, ಇಳಿಯುವಾಗ ಬೇಕೋ? ದೋಣಿಯ ಭಾರ 16 ಟನ್ ಎಂದಿಟ್ಟುಕೊಳ್ಳೋಣ. ಆರ್ಕಿಮಿಡೀಸನ ನಿಯಮದಂತೆ ಅದು ಅಷ್ಟೇ ತೂಕದ, ಎಂದರೆ ಸುಮಾರು 3,500 ಗ್ಯಾಲನ್ ನೀರಿನ ಜಾಗವನ್ನು ಆಕ್ರಮಿಸಿರುತ್ತದೆ. ಏರುವ ದೋಣಿಯು ತುಂಬಿದ ಕೋಣೆಯಿಂದ ಮೇಲಣ ನಾಲೆಗೆ ಹೊರಟಾಗ, ಅದು ತೆರವು ಮಾಡಿದ ಜಾಗಕ್ಕೆ ಅಷ್ಟು ನೀರು ಹಿಂದಕ್ಕೆ ಬಂದು ಸೇರುತ್ತದೆ. ಇಳಿಯುವ ದೋಣಿಯು ಕೋಣೆಯೊಳಕ್ಕೆ ಬರುವಾಗ ಅಷ್ಟೇ ನೀರನ್ನು ಮೇಲಕ್ಕೆ ತಳ್ಳಿ ಬರುತ್ತದೆ. ಆದುದರಿಂದ ಏರುವವನು ಕೋಣೆಯ ನೀರಿನ ಮೇಲೆ ತನ್ನ ತೂಕದಷ್ಟನ್ನು ಅಧಿಕವಾಗಿ ತೆರುತ್ತಾನೆ. ಇಳಿಯುವವನು ಅಷ್ಟನ್ನು ಉಳಿಸುತ್ತಾನೆ.

ಆರನೆಯ ಲಾಕನ್ನು ದಾಟಿದ ಮೇಲೆ ಒಂಬತ್ತು ಮೈಲಿ ದೂರ ಒಂದೂ ಲಾಕಿಲ್ಲ. ಬೆಟ್ಟದ ಮಗ್ಗುಲನ್ನು ಬಳಸಿ ಒಂದೇ ಮಟ್ಟದಲ್ಲಿ ನಾಲೆ ಸಾಗುತ್ತದೆ. ಎಡಗಡೆ ಕೆಳಗೆ ಕಣಿವೆಯಲ್ಲಿ ಬೆಳಗ್ಗೆ ನಾವು ಬಿಟ್ಟು ಬಂದ ಏವನ್ ನದಿ. ನದಿಗೆ ಮಳೆ ನೀರು ಕೊಡುತ್ತದೆ. ನದಿಗಿಂತ ಎತ್ತರದಲ್ಲಿ, ಹೆಜ್ಜೆ ಹೆಜ್ಜೆಗೂ ಜಿನುಗುವ ಈ ನಾಲೆಗೆ ಯಾರು ಕೊಡಬೇಕು?

ವೇಗದ ಮಿತಿ ಗಂಟೆಗೆ 4 ಮೈಲಿ. ನಾವು ಮೂರನ್ನು ಮೀರಲಿಲ್ಲ. ಮೀರಿ ಫಲವೂ ಇಲ್ಲ. ಆಳವಿಲ್ಲದ ನಾಲೆಯಲ್ಲಿ ದೋಣಿ ಮುಂದೆ ಹೋದಂತೆ ನೀರು ಅದರ ಪಕ್ಕದ ಇಕ್ಕಟ್ಟಿನಲ್ಲಿ ಹಿಂದಕ್ಕೆ ಓಡಬೇಕು. ವೇಗ ಹೆಚ್ಚಿದರೆ ಆ ಓಟದಿಂದ ಪಕ್ಕದ ನೀರಿನ ಮಟ್ಟ ಕುಸಿದು, ದೋಣಿಯ ಹಿಂಭಾಗ ತಳದತ್ತ ಕುಗ್ಗುತ್ತದೆ. ಯಂತ್ರ ಗದ್ದಲ ಮಾಡುತ್ತದೆಯೇ ಹೊರತು ದೋಣಿ ಮುಂದುವರಿಯದು. 1834ರಲ್ಲಿ ಎಡಿನ್‌ಬರೋ ಬಳಿಯ ಯೂನಿಯನ್ ನಾಲೆಯಲ್ಲಿ, ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ತಟ್ಟನೆ ನಿಂತಾಗ ಅದರ ಮೂತಿಯಿಂದ ಒಂಟಿ ಅಲೆಯೊಂದು ಹೊರಟು ತನ್ನಷ್ಟಕ್ಕೆ ಸಾಗಿತು. ಅದನ್ನು ಕಂಡ ಜಾನ್ ಸ್ಕಾಟ್ ರಸೆಲ್ ಕುದುರೆಯೇರಿ ಒಂದೆರಡು ಮೈಲಿ ಅಟ್ಟಿಸಿಕೊಂಡು ಹೋದನು. ಆಕಾರ ಕೆಡದೆ ಓಡುವ ಅಂತಹ ಅಲೆಗೆ ಇಂದು ಸಾಲಿಟಾನ್ ಎಂದು ಹೆಸರು. ಗಾಜಿನ ಎಳೆಗಳಲ್ಲಿ ಬೆಳಕಿನ ಮೂಲಕ ಸಂದೇಶ ಕಳುಹಿಸುವ ಶಾಸ್ತ್ರದಲ್ಲಿಯೂ ಅದರ ಅಧ್ಯಯನ ನಡೆದಿದೆ.

ಮಧ್ಯಾಹ್ನದ ಹೊತ್ತಿಗೆ ಕ್ಲಾವರ್ಟನ್ ತಲಪಿದೆವು. ದೋಣಿಯನ್ನು ಕಟ್ಟಿ, ರೈಲುಹಾದಿಯನ್ನು ದಾಟಿ ನದಿಯ ದಂಡೆಗೆ ಇಳಿದರೆ ಅಲ್ಲೊಂದು ಕಲ್ಲಿನ ಕಟ್ಟಡ. ನಮ್ಮ ಪ್ರಶ್ನೆಗೆ ಉತ್ತರ ಅದರೊಳಗಿತ್ತು. ಈ ನಾಲೆಯ ಎಂಜಿನಿಯರಾದ ಜಾನ್ ರೆನ್ನಿಯು, 1810ರಲ್ಲಿ ನಾಲೆಯ ಕೆಲಸ ಮುಗಿದ ಮೇಲೆ, 1813ರಲ್ಲಿ ಇಲ್ಲಿ ಒಂದು ನೀರೆತ್ತುವ ಯಂತ್ರವನ್ನು ನಡೆಸಿದನು. ಅದಕ್ಕೆ ಕಲ್ಲಿದ್ದಲು ಬೇಡ, ಉಗಿ ಬೇಡ. ನದಿಯಿಂದ ತಿರುಗಿಸಿದ ಕಾಲುವೆಯ ನೀರು 24 ಅಡಿ ಅಗಲದ ಒಂದು ಚಕ್ರವನ್ನು ತಿರುಗಿಸುತ್ತದೆ. ಪೂರ್ಣ ವೇಗದಲ್ಲಿ ಸೆಕೆಂಡಿಗೆ ಎರಡು ಟನ್ ನೀರು ಚಕ್ರದ ಮೇಲೆ ಹಾಯುತ್ತದೆ. ಚಕ್ರವು ನಿಮಿಷಕ್ಕೆ ಐದು ಸುತ್ತು ಸುತ್ತುತ್ತದೆ. ಹಲ್ಲುಗಾಲಿಗಳ ಮೂಲಕ ಆ ಚಲನೆಯು 18 ಅಡಿ ಉದ್ದದ ಎರಡು ಎರಕದ ತೊಲೆಗಳನ್ನು ಏತದಂತೆ ತೂಗುತ್ತದೆ. ಒಂದೊಂದು ತೂಗಿಗೆ 50 ಗ್ಯಾಲನ್ ನೀರು 48 ಅಡಿ ಮೇಲಿನ ನಾಲೆಗೆ ಏರುತ್ತದೆ. ಗಂಟೆಗೆ ಸುಮಾರು ಒಂದು ಲಕ್ಷ ಗ್ಯಾಲನ್.

ನಾವು ಹೋದ ದಿನ ಯಂತ್ರ ಓಡುತ್ತಿತ್ತು. ಅಷ್ಟು ದೊಡ್ಡ ಕೆಲಸಕ್ಕೆ ಅಷ್ಟು ಕಡಿಮೆ ಸದ್ದು! ನೀರಿನ ಭೋರ್ಗರೆತ, ತೊಲೆಗಳ ನಿಟ್ಟುಸಿರು, ಮರದ ಹಲ್ಲುಗಳ ಮೃದುವಾದ ಕಟಕಟ ಶಬ್ದ, ಇಷ್ಟೆ. ಗೋಡೆಗೊರಗಿ ನಾವು ಲೆಕ್ಕ ಮಾಡಿದೆವು. ಎತ್ತಿದ ನೀರಿನ ಭಾರದಿಂದ ಗುಣಿಸಿದರೆ ಯಂತ್ರದ ಫಲ ಸುಮಾರು 24 ಅಶ್ವಶಕ್ತಿ. ಈಗಿನ ಚಿಕ್ಕ ಟ್ರಾಕ್ಟರಿನಷ್ಟು. ಚಕ್ರದ ಮೇಲೆ ಹಾಯುವ 16 ಪಾಲು ನೀರು ತಾನು ಕೆಲವು ಅಡಿ ಕೆಳಗಿಳಿದು, 1 ಪಾಲು ನೀರನ್ನು 48 ಅಡಿ ಎತ್ತರಕ್ಕೆ ಕಳುಹಿಸುತ್ತದೆ. ಬೆಳಗ್ಗೆ ನಾವು ಆ ಆಳವಾದ ಲಾಕನ್ನು ಒಮ್ಮೆ ತುಂಬಿದ್ದೆವಲ್ಲ, ಅದಕ್ಕೆ ಈ ಚಕ್ರವು ಒಂದೂಕಾಲು ಗಂಟೆ ತಿರುಗಬೇಕು. ಕಾದಿದ್ದ ಇಪ್ಪತ್ತು ನಿಮಿಷ ಆಗ ಹೆಚ್ಚೆನಿಸಲಿಲ್ಲ.

ಈ ಚಕ್ರವು 1952ರಲ್ಲಿ ನಿಂತುಹೋಯಿತು. ಏನೋ ಅಡ್ಡ ಸಿಕ್ಕಿ ಗಾಲಿಯ ಓಕ್ ಮರದ ಹಲ್ಲುಗಳು ಕಿತ್ತುಹೋದುವು. ರಿಪೇರಿ ಮಾಡಿಸುವ ಮನಸ್ಸು ಯಾರಿಗೂ ಇರಲಿಲ್ಲ. ಅದಕ್ಕೆ ನೂರು ವರ್ಷ ಹಿಂದೆ, 1852ರಲ್ಲಿ, ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯು ನಾಲೆಯನ್ನು ಕೊಂಡುಕೊಂಡಾಗಲೇ ಸರಕು ಸಾಗಣೆ ರೈಲಿಗೆ ಒಲಿದಿತ್ತು. ಅಲ್ಲದೆ, ಮುಂದಿನ ಕೆಲವು ಮೈಲಿಗಳ ನೆಲವೇ ನಾಲೆಗೆ ಶತ್ರು. ಲಿಂಪ್ಲಿ ಸ್ಟೋಕ್ ಕಣಿವೆಯಲ್ಲಿ ಬಿರುಕುಬಿಟ್ಟ ಸುಣ್ಣಕಲ್ಲು, ಅದರಡಿಯಲ್ಲಿ ನೆನೆದರೆ ಜಾರುವ ಜೇಡಿ. ಹಿಂದಿನವರು ಕೆರೆಯ ಏರಿಗೆ ಮಾಡುವಂತೆ ಜೇಡಿಮಣ್ಣನ್ನು ತುಳಿದು ಹದಮಾಡಿ ನಾಲೆಯ ತಳಕ್ಕೆ ಮೆತ್ತಿದ್ದರು. ಗುಡ್ಡ ಜಾರಿದಾಗಲೆಲ್ಲ ಆ ಪದರ ಹರಿಯುತ್ತಿತ್ತು. 1954ರಲ್ಲಿ ಈ ಭಾಗವನ್ನು ಮುಚ್ಚಲಾಯಿತು. ನೀರಿಲ್ಲದ ನಾಲೆಯಲ್ಲಿ ಗಿಡ ಬೆಳೆದುವು. ನಾಲೆಯನ್ನು ಉಳಿಸಿರೆಂದು ಇಪ್ಪತ್ತು ಸಾವಿರಕ್ಕೂ ಮೀರಿದ ಜನರು ರಾಣಿಗೆ ಬರೆದುಕೊಂಡರು. ಆ ಬಳಿಕ ದಶಕಗಳ ಕಾಲ ಸ್ವಯಂಸೇವಕರು ಹೂಳೆತ್ತಿದರು. ತಳಕ್ಕೆ ಕಾಂಕ್ರೀಟು ಹಾಸಲಾಯಿತು. ಬಾತ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಸೇರಿ ಕ್ಲಾವರ್ಟನ್ನಿನ ಚಕ್ರಕ್ಕೆ ಹೊಸ ಹಲ್ಲು ಕೂರಿಸಿದರು. 1990ರ ಆಗಸ್ಟ್ 8ರಂದು ಎರಡನೆಯ ಎಲಿಜಬೆತ್ ರಾಣಿಯು ನಾಲೆಯನ್ನು ಮತ್ತೆ ತೆರೆದಳು. ಈಗ ನಿತ್ಯದ ನೀರನ್ನು ವಿದ್ಯುತ್ ಪಂಪುಗಳು ಎತ್ತುತ್ತವೆ. ಚಕ್ರವು ಗೊತ್ತಾದ ದಿನಗಳಲ್ಲಿ ಮಾತ್ರ ತಿರುಗುತ್ತದೆ.

ಕ್ಲಾವರ್ಟನ್ ಬಿಟ್ಟ ಸ್ವಲ್ಪ ಹೊತ್ತಿಗೆ ನಾಲೆಯು ಡಂಡಾಸ್ ಮೇಲ್ಗಾಲುವೆಯ ಮೇಲೆ ನದಿಯನ್ನು ದಾಟುತ್ತದೆ. ನಡುವಣ ಕಮಾನಿನ ಹರವು 64 ಅಡಿ. ಮೇಲೆ ದೋಣಿ, ಕೆಳಗೆ ನದಿ ಮತ್ತು ರೈಲು. ಇಷ್ಟು ಟನ್ನಿನ ದೋಣಿ ಬಂದರೆ ಕಮಾನಿಗೆ ಭಾರ ಹೆಚ್ಚುವುದಿಲ್ಲವೆ ಎಂದು ನಮ್ಮಲ್ಲೊಬ್ಬರು ಗಾಬರಿಯಾದರು. ಇಲ್ಲ, ದೋಣಿಯು ತನ್ನ ತೂಕದಷ್ಟು ನೀರನ್ನು ಅತ್ತಿತ್ತ ಸರಿಸಿಯೇ ಬಂದಿರುತ್ತದೆ. ಕಮಾನಿಗೆ ಬಾಧೆಯಾದದ್ದು ಹಿಮದಿಂದ. ಬಾತಿನ ಮೃದುವಾದ ಸುಣ್ಣಕಲ್ಲು ಬೇಡವೆಂದೂ ಇಟ್ಟಿಗೆ ಇರಲೆಂದೂ ರೆನ್ನಿ ಹೇಳಿದ್ದನು, ಕಂಪನಿಯವರು ಕೇಳಲಿಲ್ಲ.

ಇಲ್ಲಿಯೇ ಹಿಂದೆ ಸಾಮರ್‌ಸೆಟ್ ಕಲ್ಲಿದ್ದಲು ನಾಲೆಯು ಬಂದು ಕೂಡುತ್ತಿತ್ತು. ಅದರ ಅಳತೆಗೆ ನಿಂತಿದ್ದ ವಿಲಿಯಂ ಸ್ಮಿತ್ ಎಂಬಾತನು, ಅಗೆದ ನೆಲದ ಪದರಗಳು ಒಂದೇ ಕ್ರಮದಲ್ಲಿ ಬರುವುದನ್ನೂ ಒಂದೊಂದು ಪದರಕ್ಕೂ ಅದರದೇ ಆದ ಪಳೆಯುಳಿಕೆಗಳಿರುವುದನ್ನೂ ಗುರುತಿಸಿ, 1815ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನದ ಮಹಾನಕ್ಷೆಯನ್ನು ಪ್ರಕಟಿಸಿದನು. ನಾಲೆಯ ಕಂಪನಿಯು ಅವನನ್ನು 1799ರಲ್ಲಿಯೇ ಕೆಲಸದಿಂದ ತೆಗೆದುಹಾಕಿತ್ತು.

ಏವನ್‌ಕ್ಲಿಫ್ ಎಂಬಲ್ಲಿ ಇನ್ನೊಂದು ಮೇಲ್ಗಾಲುವೆಯನ್ನು ದಾಟಿ, ಕಟ್ಟಿದ ಕೆಲದಿನಗಳಲ್ಲೇ ತಗ್ಗಿದ ಅದರ ನಡುಗಮಾನನ್ನು ನೋಡಿ, ಸಂಜೆ ಬ್ರಾಡ್‌ಫರ್ಡಿನ ಲಾಕಿನ ಕೆಳಗೆ ದೋಣಿ ಕಟ್ಟಿದೆವು. ಚಹಾ ಕುಡಿಯುತ್ತಿರುವಾಗ ಮೇಲಿನಿಂದ ಎರಡು ದೋಣಿಗಳು ಜೊತೆಯಾಗಿ ಲಾಕಿಗಿಳಿದುವು. ಕೆಳಗಿನ ತೂಬು ತೆರೆಯಿತು. ಅವುಗಳ ನೀರು ನಮ್ಮ ಒಂಬತ್ತು ಮೈಲಿಯ ನಾಲೆಗೆ ಬಂದು ಸೇರಿತು. ದೋಣಿಯು ಒಮ್ಮೆ ಮೆಲ್ಲನೆ ತೊನೆದು ಕಟ್ಟಿದ ಹಗ್ಗ ಬಿಗಿಯಿತು. ಯಜಮಾನರು ಲೋಟವನ್ನು ಕೆಳಗಿಟ್ಟು, ಎದ್ದು ಹೋಗಿ, ಹಗ್ಗವನ್ನು ಒಂದು ಗೇಣು ಸಡಿಲಿಸಿ ಬಂದರು.